ತೋಟದ ಮದ್ದು, ಬಾವಿಯ ಗಾಳಿ, ನಡುಗುವ ಕೈ: ಪಾರ್ಕಿನ್ಸನ್ ಬಗ್ಗೆ ನಮ್ಮ ಮನೆಗಳಲ್ಲಿ ಮಾಡಬೇಕಾದ ಕೆಲಸ

ಅಪ್ಪನ ಲೆಕ್ಕದ ಪುಸ್ತಕಗಳು ಈಗಲೂ ನನ್ನ ಮೇಜಿನ ಮೇಲಿವೆ. ಅಡಕೆ ಎಷ್ಟು ಕಿಲೊ ಹೋಯಿತು, ಆಳು ಎಷ್ಟು, ಮೈಲುತುತ್ತಕ್ಕೆ ಎಷ್ಟು ಎಂದು ಬರೆದಿಟ್ಟ ಉದ್ದನೆಯ ಪುಸ್ತಕಗಳು. 2011ರದ್ದರಲ್ಲಿ ಅಕ್ಷರ ದುಂಡಗೆ, ಗೆರೆಯಿಂದ ಗೆರೆಗೆ ತುಂಬಿಕೊಂಡಿದೆ. 2014ರ ಹೊತ್ತಿಗೆ ಅದೇ ಕೈಬರಹ ಅರ್ಧಕ್ಕೆ ಇಳಿದಿದೆ. ಸಾಲಿನ ಆರಂಭದಲ್ಲಿ ‘ಗೊಬ್ಬರ’ ಎಂದು ಓದಲಿಕ್ಕೆ ಬರುತ್ತದೆ, ಸಾಲು ಮುಗಿಯುವಾಗ ಅಕ್ಷರಗಳು ಎಳ್ಳಿನ ಕಾಳಿನ ಹಾಗೆ. ನಾವು ಕನ್ನಡಕ ಬದಲಿಸಿದೆವು. ಬಲ ಭುಜ ಬಿಗಿಯುತ್ತದೆ ಎಂದಾಗ ಒಂದು ಆಸ್ಪತ್ರೆಯಲ್ಲಿ ಹತ್ತು ತಿಂಗಳು ಭುಜಕ್ಕೆ ಶಾಖ ಕೊಟ್ಟರು. ಮೆಟ್ಟುಕತ್ತಿಯಲ್ಲಿ ಅಡಕೆ ಸುಲಿಯುವಾಗ ಪಕ್ಕದವರು ಎರಡು ಬುಟ್ಟಿ ಮುಗಿಸಿದರೆ ಅಪ್ಪನದ್ದು ಅರ್ಧ ಬುಟ್ಟಿ. ವಯಸ್ಸಾಯಿತು ಅಂದುಕೊಂಡೆವು. ಕೈ ನಡುಗಲು ಶುರುವಾದದ್ದು ಇದೆಲ್ಲ ಆದ ಮೇಲೆ. ಅದು ಪಾರ್ಕಿನ್ಸನ್ ಕಾಯಿಲೆ ಎಂದು ಗೊತ್ತಾದದ್ದೂ ಆಮೇಲೆಯೇ.

ಕೇರಳದ ಗಡಿಯ ಕಾಸರಗೋಡಿನಲ್ಲಿ, ನಮ್ಮ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಮನೆಗಳಲ್ಲಿ ಈ ಕಾಯಿಲೆಯ ಮಾತು ಬಂದಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ‘ಇದು ಮದ್ದು ಬಿಟ್ಟು ಬಿಟ್ಟು ಬಂದದ್ದಾ?’ ಮದ್ದು ಅಂದರೆ ಇಲ್ಲಿ ಹುಳಕ್ಕೂ ಹುಲ್ಲಿಗೂ ರೋಗಕ್ಕೂ ತೋಟದಲ್ಲಿ ಹಾಕುವ ವಿಷ, ಬಿಡುವುದು ಅಂದರೆ ಸಿಂಪಡಿಸುವುದು. ಒಬ್ಬ ಮನುಷ್ಯನ ಮಟ್ಟಿಗೆ ಹೌದು ಅಥವಾ ಅಲ್ಲ ಎಂದು ಹೇಳಲು ಯಾವ ವೈದ್ಯರಿಗೂ ಆಗುವುದಿಲ್ಲ. ಆದರೆ ಸಾವಿರಾರು ಜನರನ್ನು ಒಟ್ಟಿಗೆ ನೋಡಿದ ಅಧ್ಯಯನಗಳಲ್ಲಿ ಕೆಲವು ಮದ್ದುಗಳಿಗೂ ಈ ಕಾಯಿಲೆಗೂ ನಂಟು ಮತ್ತೆ ಮತ್ತೆ ಕಂಡಿದೆ. ಮಿದುಳಿಗೆ ಆಮ್ಲಜನಕ ಕಡಿಮೆಯಾಗುವ ಸ್ಥಿತಿಗೂ ಕೆಲವು ನಂಟುಗಳಿವೆ. ಈ ಎರಡರ ಪೆಟ್ಟೂ ಬೀಳುವುದು ಕೋಶದೊಳಗಿನ ಒಂದೇ ಜಾಗಕ್ಕೆ. ಅದು ಅರ್ಥವಾದರೆ ಮನೆಯಲ್ಲಿ ಏನು ಮಾಡಬೇಕು ಎಂಬುದೂ ಅರ್ಥವಾಗುತ್ತದೆ. ಹಾಗಾಗಿ ಹೆಜ್ಜೆಗಳಿಗೆ ಮೊದಲು ಆ ಜಾಗದ ಬಗ್ಗೆ ಸ್ವಲ್ಪ.

ಒಳಗಿನ ಒಲೆ

1817ರಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ ಈ ಕಾಯಿಲೆಯನ್ನು ವಿವರವಾಗಿ ಬರೆದಿಟ್ಟರು. ನಮ್ಮ ನಡುಮಿದುಳಿನಲ್ಲಿ ಸಬ್‌ಸ್ಟಾನ್ಷಿಯಾ ನೈಗ್ರಾ ಎಂಬ ಸಣ್ಣದೊಂದು ಕಪ್ಪು ಪಟ್ಟಿ ಇದೆ. ಅಲ್ಲಿನ ಕೋಶಗಳು ಡೋಪಮಿನ್ ಎಂಬ ರಾಸಾಯನಿಕ ತಯಾರಿಸುತ್ತವೆ. ಕೈ ಎತ್ತುವುದು, ಹೆಜ್ಜೆ ಇಡುವುದು, ನಗುವುದು ಸರಾಗವಾಗಿ ನಡೆಯಬೇಕಾದರೆ ಅದು ಬೇಕು. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಮೈಯಲ್ಲಿ ಲಕ್ಷಣ ಕಾಣುವ ಹೊತ್ತಿಗೆ ಸುಮಾರು ಅರ್ಧದಷ್ಟೋ ಅದಕ್ಕಿಂತ ಹೆಚ್ಚೋ ಹೋಗಿಯೇ ಬಿಟ್ಟಿರುತ್ತವೆ.

ಇಡೀ ಮಿದುಳಿನಲ್ಲಿ ಈ ಕೋಶಗಳಿಗೇ ಯಾಕೆ ಇಷ್ಟು ಕಷ್ಟ? ಮಿದುಳಿನ ತೂಕ ದೇಹದ ತೂಕದ ನೂರರಲ್ಲಿ ಎರಡು ಪಾಲು. ಆದರೆ ನಾವು ಉಸಿರಾಡಿದ ಆಮ್ಲಜನಕದಲ್ಲಿ ಸುಮಾರು ಐದನೇ ಒಂದು ಪಾಲು ಅದಕ್ಕೇ ಬೇಕು. ಅದರಲ್ಲೂ ಈ ಕಪ್ಪು ಪಟ್ಟಿಯ ಒಂದೊಂದು ಕೋಶಕ್ಕೆ ಲಕ್ಷಗಟ್ಟಲೆ ಕವಲುತುದಿಗಳು. ನಾವು ನಿದ್ದೆಯಲ್ಲಿದ್ದಾಗಲೂ ಅವು ತಾವಾಗಿ ಮಿಡಿಯುತ್ತಿರುತ್ತವೆ. ಅಷ್ಟು ಕೆಲಸಕ್ಕೆ ಶಕ್ತಿ ಕೊಡುವುದು ಮೈಟೊಕಾಂಡ್ರಿಯ, ಅಂದರೆ ಕೋಶದೊಳಗಿನ ಒಲೆ. ಆಮ್ಲಜನಕ ಸೇರಿಸಿ ಆಹಾರವನ್ನು ಉರಿಸುವ ಒಲೆ ಅದು. ನಮ್ಮ ಬಚ್ಚಲ ಒಲೆಗೆ ಹಸಿ ಸೋಗೆ ತುರುಕಿದರೆ, ಇಲ್ಲವೇ ಗಾಳಿ ಬರುವ ಬಾಯಿಗೆ ಬೂದಿ ಕಟ್ಟಿದರೆ ಏನಾಗುತ್ತದೆ? ಬೆಂಕಿ ಸಣ್ಣದಾಗುತ್ತದೆ, ಹೊಗೆ ದೊಡ್ಡದಾಗುತ್ತದೆ. ಕೋಶದಲ್ಲೂ ಹಾಗೆಯೇ: ಶಕ್ತಿ ಕಡಿಮೆಯಾಗಿ ಸುಡುವಂಥ ಕಣಗಳು ಹೆಚ್ಚಾಗುತ್ತವೆ. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳೊಳಗೆ ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನು ಮಡಿಕೆ ತಪ್ಪಿ ಗಂಟು ಕಟ್ಟುತ್ತದೆ, ಅದಕ್ಕೆ ಇದೂ ಒಂದು ದಾರಿ.

ವಿಷ ಈ ಒಲೆಗೆ ಏನು ಮಾಡುತ್ತದೆ ಎಂದು ಜಗತ್ತಿಗೆ ತಿಳಿದದ್ದು ಒಂದು ದುರಂತದಿಂದ. 1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಯುವಕ ಯುವತಿಯರು ಕಲಬೆರಕೆಯ ಮಾದಕ ವಸ್ತು ಚುಚ್ಚಿಕೊಂಡು, ಕೆಲವೇ ದಿನಗಳಲ್ಲಿ ಮುದುಕರ ಹಾಗೆ ಮರಗಟ್ಟಿ ಆಸ್ಪತ್ರೆಗೆ ಬಂದರು. ಅದರಲ್ಲಿದ್ದ ಎಂಪಿಟಿಪಿ ಎಂಬ ಕಲ್ಮಶವೇ ಕಾರಣ ಎಂದು ನರರೋಗ ತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಪತ್ತೆ ಮಾಡಿದರು. ಮಿದುಳಿನೊಳಗೆ ಅದು ರೂಪ ಬದಲಿಸಿ, ಡೋಪಮಿನ್ ಕೋಶದ ಬಾಗಿಲಿನಿಂದಲೇ ಒಳನುಗ್ಗಿ, ಮೈಟೊಕಾಂಡ್ರಿಯದ ‘ಕಾಂಪ್ಲೆಕ್ಸ್ 1’ ಎಂಬ ಭಾಗವನ್ನು ಮುಚ್ಚಿಬಿಡುತ್ತದೆ. ಆಮೇಲೆ ಆಮ್ಲಜನಕ ಸುತ್ತಮುತ್ತ ಎಷ್ಟಿದ್ದರೂ ಬಳಸಲಿಕ್ಕೆ ಆಗುವುದಿಲ್ಲ. ಹೀಗೆ ಬದಲಾದ ಆ ರೂಪದ ರಚನೆ ಪ್ಯಾರಾಕ್ವಾಟ್ ಎಂಬ ಕಳೆನಾಶಕವನ್ನು ಬಹಳವಾಗಿ ಹೋಲುತ್ತದೆ. ಪ್ಯಾರಾಕ್ವಾಟ್ ಕಾಂಪ್ಲೆಕ್ಸ್ 1ನ್ನು ಅಷ್ಟಾಗಿ ಮುಚ್ಚುವುದಿಲ್ಲ, ಆದರೆ ಸುಡುವ ಕಣಗಳನ್ನು ಎಬ್ಬಿಸುತ್ತಲೇ ಇರುತ್ತದೆ. ಕೆಲವು ಗಿಡಗಳ ಬೇರಿನಿಂದ ಸಿಗುವ ರೋಟೆನೋನ್ ಎಂಬ ಕೀಟನಾಶಕ ಮಾತ್ರ ನೇರವಾಗಿ ಕಾಂಪ್ಲೆಕ್ಸ್ 1ನ್ನೇ ಹಿಡಿಯುತ್ತದೆ. ಗಿಡದಿಂದ ಬಂದದ್ದು ಸಾಧು ಎಂದು ನಂಬುವವರು ಇದನ್ನು ನೆನಪಿಡಬೇಕು.

ಅಮೆರಿಕದ ರೈತರು ಮತ್ತು ಮದ್ದು ಸಿಂಪಡಿಸುವವರನ್ನು ನೋಡಿದ 2011ರ ಅಧ್ಯಯನದಲ್ಲಿ, ಪ್ಯಾರಾಕ್ವಾಟ್ ಅಥವಾ ರೋಟೆನೋನ್ ಬಳಸಿದವರಲ್ಲಿ ಪಾರ್ಕಿನ್ಸನ್ ಸುಮಾರು ಎರಡೂವರೆ ಪಟ್ಟು ಹೆಚ್ಚು ಕಂಡಿತು. 2012ರಲ್ಲಿ ಫ್ರಾನ್ಸ್ ದೇಶ ಕೃಷಿಕರ ಪಾರ್ಕಿನ್ಸನ್ ಅನ್ನು ಔದ್ಯೋಗಿಕ ಕಾಯಿಲೆ ಎಂದು ಒಪ್ಪಿಕೊಂಡಿತು.

ಹಾಗೆಂದು ಮದ್ದು ಮುಟ್ಟಿದ ಎಲ್ಲರಿಗೂ ಬರುವುದಿಲ್ಲ. ವಯಸ್ಸು, ವಂಶವಾಹಿ, ಎಷ್ಟು ವರ್ಷ ಮುಟ್ಟಿದ್ದು, ಎಲ್ಲವೂ ಸೇರಿ ಲೆಕ್ಕ.

ಮೊದಲ ಹೆಜ್ಜೆ: ಒಂದು ನೋಟುಪುಸ್ತಕ

ಮನೆಯಲ್ಲಿ ಐವತ್ತು ದಾಟಿದವರ ಹತ್ತಿರ ಒಂದು ಸಂಜೆ ಕೂತು ಮಾತಾಡಿ, ಬರೆದಿಡಿ. ಯಾವ ಮದ್ದು, ಯಾವ ವರ್ಷದಿಂದ ಯಾವ ವರ್ಷದವರೆಗೆ, ವರ್ಷಕ್ಕೆ ಎಷ್ಟು ದಿನ, ಕೈಗೆ ಗವಸು ಇತ್ತೋ ಇಲ್ಲವೋ, ಮದ್ದು ಕದಡಿದ ಜಾಗದಿಂದ ಬಾವಿ ಎಷ್ಟು ದೂರ. ಹೆಸರು ನೆನಪಿಲ್ಲದಿದ್ದರೆ ಬಣ್ಣ, ವಾಸನೆ, ಡಬ್ಬದ ಚಿತ್ರ ಕೇಳಿ. ಹಳಬರಿಗೆ ‘ಬಿಎಚ್‌ಸಿ ಹುಡಿ’ ಅಂದರೆ ಕೂಡಲೇ ನೆನಪಾಗುತ್ತದೆ. ಗದ್ದೆಗೂ ಗೆದ್ದಲಿಗೂ ಅದನ್ನು ಬರಿಗೈಯಲ್ಲಿ ಎರಚಿದವರು ಅವರು. 1997ರಲ್ಲಿ ಭಾರತ ಅದನ್ನು ನಿಷೇಧಿಸಿತು. ಅದರ ಒಂದು ಅಂಶ ಪಾರ್ಕಿನ್ಸನ್ ರೋಗಿಗಳ ರಕ್ತದಲ್ಲಿ ಹೆಚ್ಚಾಗಿ ಕಂಡ ಅಧ್ಯಯನವಿದೆ. ಬಾಳೆಗೆ ಹಾಕುತ್ತಿದ್ದ ಫೋರೇಟ್ ಹರಳು, ಅಡಕೆಯ ಬೇರುಹುಳಕ್ಕೆ ಹೊಯ್ದ ಕ್ಲೋರ್‌ಪೈರಿಫಾಸ್, ಕೊಳೆರೋಗಕ್ಕೆ ಬಳಸಿದ ಮ್ಯಾಂಕೊಜೆಬ್, ಎಲ್ಲವನ್ನೂ ಬರೆಯಿರಿ.

ಮದ್ದಿನ ಜೊತೆಗೆ ಇನ್ನೂ ಕೆಲವು ಸಂಗತಿ: ವೆಲ್ಡಿಂಗ್ ಕೆಲಸ ಮಾಡಿದ್ದುಂಟೋ (ಅದರ ಹೊಗೆಯ ಮ್ಯಾಂಗನೀಸ್ ಮಿದುಳಿಗೆ ಹೋಗಿ ಪಾರ್ಕಿನ್ಸನ್ ಹೋಲುವ ಬೇರೆಯೇ ಒಂದು ತೊಂದರೆ ಕೊಡುತ್ತದೆ), ಬಾವಿಯಲ್ಲೋ ನೀರಿಗಾಗಿ ಗುಡ್ಡಕ್ಕೆ ಕೊರೆದ ಸುರಂಗದಲ್ಲೋ ತಲೆತಿರುಗಿ ಬಿದ್ದದ್ದುಂಟೋ, ರಾತ್ರಿ ಗೊರಕೆ ಹೇಗೆ. ವೈದ್ಯರ ಮುಂದೆ ಕೂತಾಗ ಇದ್ಯಾವುದೂ ನೆನಪಿಗೆ ಬರುವುದಿಲ್ಲ. ಅದರ ಮೇಲೆ ಆ ಕಡೆ ಮಲಯಾಳ, ಈ ಕಡೆ ಕನ್ನಡ ಇಲ್ಲವೇ ತುಳು. ಬರೆದದ್ದು ಕೈಯಲ್ಲಿದ್ದರೆ ಅರ್ಧ ಕೆಲಸ ಆದ ಹಾಗೆ.

ನಮಗೆ ಇದೆಲ್ಲ ಸಿಕ್ಕಿದ್ದು ಅಪ್ಪನ ಪುಸ್ತಕದಲ್ಲೇ. 2002ರಿಂದ ಪ್ರತಿ ಮಳೆಗಾಲದ ಮೊದಲು ಮತ್ತು ಕೊಯ್ಲಿನ ಮೊದಲು ಒಂದೊಂದು ಸಾಲು: ‘ಹುಲ್ಲಿನ ಮದ್ದು 5 ಲೀ.’ ಬಕೆಟ್ಟಿಗೆ ಹೊಯ್ದು, ಮೊಣಕೈವರೆಗೆ ತೋಳು ಮುಳುಗಿಸಿ ಅಪ್ಪ ಅದನ್ನು ಕದಡುತ್ತಿದ್ದದ್ದು ನನ್ನ ಕಣ್ಣಲ್ಲಿದೆ. ಆಮೇಲೆ ತೋಟದ ಕಣಿಯಲ್ಲಿ ಕೈ ಅದ್ದಿ, ಬೈರಾಸಿಗೆ ಒರೆಸಿ, ಅದೇ ಬೈರಾಸನ್ನು ತಲೆಗೆ ಸುತ್ತಿಕೊಳ್ಳುತ್ತಿದ್ದರು.

ಎರಡನೆಯದು: ಮದ್ದಿನ ಮೂಲೆ ಖಾಲಿ ಮಾಡುವುದು

ನಮ್ಮ ಕಡೆ ಕಾಯಿಲೆಗೆ ಕೊಡುವುದೂ ಮದ್ದು, ಹುಳ ಕೊಲ್ಲುವುದೂ ಮದ್ದು. ಈ ಒಂದು ಶಬ್ದದಿಂದಲೇ ನಮಗೆ ಎಷ್ಟೋ ನಷ್ಟವಾಗಿದೆ ಎಂದು ನನಗೆ ಅನ್ನಿಸುತ್ತದೆ. ಕೊಟ್ಟಿಗೆಯ ಅಟ್ಟ, ಪಂಪ್‌ಶೆಡ್ಡು, ಅಡಕೆ ಚೀಲಗಳ ಹಿಂದೆ ಹುಡುಕಿ ನೋಡಿ. ಪ್ಯಾರಾಕ್ವಾಟ್ ಇದ್ದರೆ ಇನ್ನು ಬಳಸಬೇಡಿ. ಕೇರಳ ಸರಕಾರ 2011ರಲ್ಲೇ ನಿಷೇಧಿಸಿದ ಮದ್ದುಗಳಲ್ಲಿ ಅದೂ ಇದೆ. ಐರೋಪ್ಯ ಒಕ್ಕೂಟದಲ್ಲಿ 2007ರಿಂದ ಇಲ್ಲ. ಆದರೆ ಗಡಿ ದಾಟಿದರೆ ಸಿಗುತ್ತದೆ, ನಮ್ಮವರು ಸ್ಕೂಟರಿನಲ್ಲಿ ತರುತ್ತಾರೆ. ಕುಡಿದರೆ ಇದಕ್ಕೆ ಪ್ರತಿವಿಷವೇ ಇಲ್ಲ. ಜ್ಯೂಸಿನ ಬಾಟ್ಲಿಗೆ ಹೊಯ್ದಿಟ್ಟು ಮಕ್ಕಳು ಕುಡಿದರೆ ಉಳಿಸಿಕೊಳ್ಳುವುದು ಬಹಳ ಕಷ್ಟ. ಹಾಗಾಗಿ ಯಾವ ಮದ್ದನ್ನೂ ಮೂಲ ಡಬ್ಬದಿಂದ ಬೇರೆ ಬಾಟ್ಲಿಗೆ ಬದಲಿಸಬಾರದು. ಫೋರೇಟ್ 2020ರ ಕೊನೆಯಿಂದ ಇಡೀ ದೇಶದಲ್ಲೇ ನಿಷಿದ್ಧ. ಉಳಿದದ್ದನ್ನು ತೋಡಿಗೆ ಚೆಲ್ಲಬೇಡಿ, ಹುಗಿಯಬೇಡಿ, ಸುಡಬೇಡಿ. ಡಬ್ಬವನ್ನು ಗಟ್ಟಿಯಾಗಿ ಮುಚ್ಚಿ, ನಿಮ್ಮ ಪಂಚಾಯತಿನ ಕೃಷಿ ಭವನದಲ್ಲಿ ವಿಚಾರಿಸಿ ಅವರು ಹೇಳಿದ ಹಾಗೆ ಮಾಡಿ.

ಡಬ್ಬದ ಮೇಲಿನ ತ್ರಿಕೋನದ ಬಣ್ಣ ನೋಡಿ ಮೋಸಹೋಗಬೇಡಿ. ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳು ಹೇಳುವುದು ಕೂಡಲೇ ಕೊಲ್ಲುವ ಶಕ್ತಿಯನ್ನು. ಇಪ್ಪತ್ತು ವರ್ಷ ದಿನವೂ ಒಂದಿಷ್ಟು ಚರ್ಮಕ್ಕೆ ತಗಲಿದರೆ ಮಿದುಳಿಗೆ ಏನಾಗುತ್ತದೆ ಎಂಬುದನ್ನು ಆ ತ್ರಿಕೋನ ಹೇಳುವುದಿಲ್ಲ. ಎರಡು ಮದ್ದು ಕೂಡಿದರೆ ಇನ್ನೂ ಹೆಚ್ಚು. ಕ್ಯಾಲಿಫೋರ್ನಿಯಾದ ಕೃಷಿ ಬಯಲಿನಲ್ಲಿ, ಮನೆಯ 500 ಮೀಟರ್ ಒಳಗೆ ಪ್ಯಾರಾಕ್ವಾಟ್ ಮತ್ತು ಮ್ಯಾಂಕೊಜೆಬ್‌ನ ಸಂಬಂಧಿಯಾದ ಮ್ಯಾನೆಬ್ ಎರಡೂ ಸಿಂಪಡಣೆಯಾದವರಿಗೆ ಅಪಾಯ ನೂರಕ್ಕೆ 75ರಷ್ಟು ಹೆಚ್ಚು ಎಂದು 2009ರಲ್ಲಿ ಪ್ರಕಟವಾಯಿತು. ಅವರಲ್ಲಿ ಎಲ್ಲರೂ ಮದ್ದು ಬಿಟ್ಟವರಲ್ಲ, ಬಳಿಯಲ್ಲಿ ಬದುಕಿದವರು.

ಹುಲ್ಲಿಗೆ ಬೇರೆ ಏನು ಮಾಡುವುದು? ಮಳೆಗಾಲದಲ್ಲಿ ಎರಡು ಸಲ ಬ್ರಷ್ ಕಟ್ಟರ್ ಹೊಡೆಸಿ ಹುಲ್ಲನ್ನು ಬುಡಕ್ಕೇ ಹಾಕಿದರೆ ತೇವವೂ ನಿಲ್ಲುತ್ತದೆ, ಗೊಬ್ಬರವೂ ಆಗುತ್ತದೆ. ಅಡಕೆ ಸೋಗೆ ಹರಡಿದ ಕಡೆ ಕಳೆ ಏಳುವುದೇ ಕಡಿಮೆ. ರಬ್ಬರು ತೋಟದವರು ಮ್ಯುಕುನ ಬಳ್ಳಿ ಬಿಟ್ಟು ಹುಲ್ಲನ್ನು ಅಡಗಿಸುತ್ತಾರೆ. ಖರ್ಚು ಜಾಸ್ತಿಯೇ. ಆಳು ಸಿಗದ ಈ ಕಾಲದಲ್ಲಿ ಇದನ್ನು ಹೇಳುವುದು ಸುಲಭ, ಮಾಡುವುದು ಸುಲಭವಲ್ಲ ಎಂದು ನನಗೂ ಗೊತ್ತು. ಆದರೂ ನಮ್ಮ ಮನೆಯ ಈಗಿನ ಔಷಧ ಖರ್ಚಿನ ಎದುರು ಕಟ್ಟರಿನ ಪೆಟ್ರೋಲು ಏನೂ ಅಲ್ಲ.

ಮೂರನೆಯದು: ಮದ್ದು ಬಿಡಲೇಬೇಕಾದರೆ

ಮದ್ದು ಮೈಯೊಳಗೆ ಹೋಗುವುದು ಹೆಚ್ಚಾಗಿ ಮೂಗಿನಿಂದ ಎಂದು ನಾವು ಭಾವಿಸುತ್ತೇವೆ. ಸಿಂಪಡಿಸುವವರಿಗೆ ದೊಡ್ಡ ದಾರಿ ಚರ್ಮ. ಅಮೆರಿಕದ ಅದೇ ರೈತರ ಗುಂಪಿನಲ್ಲಿ, ಗವಸು ಹಾಕದೆ ಪ್ಯಾರಾಕ್ವಾಟ್ ಬಳಸಿದವರಲ್ಲಿ ಪಾರ್ಕಿನ್ಸನ್ ನಂಟು ಸ್ಪಷ್ಟವಾಗಿತ್ತು, ಗವಸು ಹಾಕಿದವರಲ್ಲಿ ಕಾಣಲಿಲ್ಲ. ಬರೇ ಒಂದು ಜೊತೆ ಗವಸು! ಬಟ್ಟೆಯ ಗವಸು ಬೇಡ, ಅದು ಮದ್ದನ್ನು ಹೀರಿ ಚರ್ಮಕ್ಕೆ ಒತ್ತಿ ಹಿಡಿಯುತ್ತದೆ. ಮೊಣಕೈ ಹತ್ತಿರ ಬರುವ ನೈಟ್ರೈಲ್ ರಬ್ಬರಿನದ್ದು ತನ್ನಿ. ಕೆಲಸ ಮುಗಿದ ಮೇಲೆ ಗವಸನ್ನು ಕೈಯಲ್ಲೇ ಇಟ್ಟು ಸಾಬೂನಿನಲ್ಲಿ ತೊಳೆದು, ಆಮೇಲೆ ಕಳಚಿ.

ಕದಡುವುದಕ್ಕೆ ಉದ್ದನೆಯ ಕೋಲು. ನೋಸಲ್ ಕಟ್ಟಿಕೊಂಡರೆ ಬಾಯಿಯಿಂದ ಊದುವ ಅಭ್ಯಾಸ ನಮ್ಮ ಕಡೆ ಎಲ್ಲರಿಗೂ ಉಂಟು, ಅದನ್ನು ಇಂದೇ ಬಿಡಬೇಕು. ಕಿಸೆಯಲ್ಲಿ ಒಂದು ಹಳೆಯ ಹಲ್ಲುಜ್ಜುವ ಬ್ರಷ್ ಇಟ್ಟುಕೊಳ್ಳಿ. ಇನ್ನೊಂದು, ಎಲೆಯಡಕೆ. ಮದ್ದು ಹಿಡಿದ ಬೆರಳಲ್ಲೇ ವೀಳ್ಯದೆಲೆಗೆ ಸುಣ್ಣ ಸವರಿ ಬಾಯಿಗೆ ಹಾಕುವುದೆಂದರೆ ಮದ್ದನ್ನೇ ತಿಂದ ಹಾಗೆ. ಎಲೆಸಂಚಿ ಮನೆಯಲ್ಲಿರಲಿ.

ಮೈಲುತುತ್ತು ಸುಣ್ಣದ ಬೋರ್ಡೋ ದ್ರಾವಣದ ಬಗ್ಗೆ ಎಲ್ಲರೂ ಕೇಳುತ್ತಾರೆ. ಕೊಳೆರೋಗಕ್ಕೆ ಅದಿಲ್ಲದೆ ನಮ್ಮ ತೋಟ ನಡೆಯುವುದಿಲ್ಲ. ಪ್ಯಾರಾಕ್ವಾಟ್ ಪಂಕ್ತಿಗೆ ಅದನ್ನು ನಾನು ಸೇರಿಸುವುದಿಲ್ಲ. ಆದರೆ ಪೋರ್ಚುಗಲ್‌ನ ದ್ರಾಕ್ಷಿ ತೋಟಗಳಲ್ಲಿ ವರ್ಷಗಟ್ಟಲೆ ಅದನ್ನು ಸಿಂಪಡಿಸಿದವರ ಶ್ವಾಸಕೋಶದಲ್ಲಿ ತಾಮ್ರ ಕೂತು ಕಾಯಿಲೆಯಾದದ್ದು 1969ರಲ್ಲೇ ವರದಿಯಾಗಿದೆ. ಶ್ವಾಸಕೋಶ ಕೆಟ್ಟರೆ ಮಿದುಳಿಗೆ ಹೋಗುವ ಆಮ್ಲಜನಕಕ್ಕೂ ಕುತ್ತು. ಈಗ ದೋಟಿಯಲ್ಲಿ ನೆಲದ ಮೇಲೆ ನಿಂತು ಬಿಡುವವರಿಗೆ ಮೇಲಿನಿಂದ ತುಂತುರು ನೇರ ಮುಖಕ್ಕೆ ಬೀಳುತ್ತದೆ. ಹಾಳೆಯ ಮುಟ್ಟಾಳೆ, ಕಣ್ಣಿಗೆ ಮುಚ್ಚುಕನ್ನಡಕ, ಎನ್95 ಮಾಸ್ಕ್ ಇರಲಿ. ಗಾಳಿಗೆ ಬೆನ್ನು ಹಾಕಿ ನಿಲ್ಲಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ಒಗೆಯಬೇಡಿ. ಒಗೆಯುವವರೂ ಗವಸು ಹಾಕಲಿ, ನಮ್ಮ ಮನೆಗಳಲ್ಲಿ ಅದು ಹೆಚ್ಚಾಗಿ ಹೆಂಗಸರ ಪಾಲು.

ನಾಲ್ಕನೆಯದು: ನೀರು

ಕಾಸರಗೋಡಿನ ಗುಡ್ಡಗಳಲ್ಲಿ ಸಾವಿರಾರು ಸುರಂಗಗಳಿವೆ. ಮುರಕಲ್ಲಿನ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದು, ತೊಟ್ಟಿಕ್ಕುವ ನೀರನ್ನು ಅಂಗಳಕ್ಕೆ ತರುವ ವ್ಯವಸ್ಥೆ. ಅಂದರೆ ಗುಡ್ಡದ ತಲೆಯ ಮೇಲೆ ಬಿದ್ದದ್ದು ಇಂಗಿ ನಮ್ಮ ಕೊಡಕ್ಕೆ ಬರುತ್ತದೆ. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದಾಗ ಎಣ್ಮಕಜೆಯ ಪಡ್ರೆಯಂಥ ಊರುಗಳು ಏನು ಅನುಭವಿಸಿದವು ಎಂದು ಕನ್ನಡಿಗರಿಗೆ ಹೇಳಬೇಕಾಗಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಆ ಕಥೆ ಹೆಚ್ಚಾಗಿ ಮಕ್ಕಳದ್ದು, ಅದನ್ನು ಪಾರ್ಕಿನ್ಸನ್ ಜೊತೆ ನಾನು ಗಂಟು ಹಾಕುತ್ತಿಲ್ಲ. ಮೇಲೆ ಬಿಟ್ಟದ್ದು ಕೆಳಗೆ ಬರುತ್ತದೆ ಎಂಬುದನ್ನು ಮಾತ್ರ ಅಲ್ಲಿಂದ ಎತ್ತಿಕೊಳ್ಳುತ್ತಿದ್ದೇನೆ.

ನೀರಿಗೂ ಪಾರ್ಕಿನ್ಸನ್‌ಗೂ ಇರುವ ನಂಟಿಗೆ ಸ್ಪಷ್ಟ ಉದಾಹರಣೆ ಅಮೆರಿಕದ ಕ್ಯಾಂಪ್ ಲಜೂನ್ ಎಂಬ ಸೈನಿಕ ನೆಲೆಯದ್ದು. ಅಲ್ಲಿನ ಕುಡಿಯುವ ನೀರಿಗೆ ಟ್ರೈಕ್ಲೋರೋಎಥಿಲೀನ್ ಎಂಬ, ಯಂತ್ರದ ಜಿಡ್ಡು ತೆಗೆಯುವ ದ್ರಾವಕ ದಶಕಗಳ ಕಾಲ ಸೇರಿತ್ತು. ಅಲ್ಲಿದ್ದ ಸೈನಿಕರಲ್ಲಿ ಪಾರ್ಕಿನ್ಸನ್ ಅಪಾಯ ಬೇರೆ ನೆಲೆಯವರಿಗಿಂತ ನೂರಕ್ಕೆ 70ರಷ್ಟು ಹೆಚ್ಚು ಎಂದು 2023ರಲ್ಲಿ ಪ್ರಕಟವಾಯಿತು.

ಬಾವಿಕಟ್ಟೆಯ ಬಳಿ, ಸುರಂಗದ ಬಾಯಿಯ ಮೇಲ್ಭಾಗದಲ್ಲಿ ಮದ್ದು ಕದಡಬೇಡಿ, ಪಂಪು ತೊಳೆಯಬೇಡಿ. ಮಳೆ ಬರುವ ಲಕ್ಷಣ ಇದ್ದ ದಿನ ಬಿಡಬೇಡಿ. ಖಾಲಿ ಡಬ್ಬವನ್ನು ಮೂರು ಸಲ ತೊಳೆದು ಆ ನೀರನ್ನು ಪಂಪಿಗೇ ಹೊಯ್ಯಿರಿ, ಆಮೇಲೆ ಡಬ್ಬಕ್ಕೆ ತೂತು ಮಾಡಿ. ಇಲ್ಲದಿದ್ದರೆ ಯಾರಾದರೂ ಅದರಲ್ಲಿ ಮಜ್ಜಿಗೆ ತುಂಬಿಸುತ್ತಾರೆ. ನೀರು ಕುದಿಸಿದರೆ ಕ್ರಿಮಿ ಸಾಯುತ್ತದೆ, ಮದ್ದು ಹೋಗುವುದಿಲ್ಲ.

ಐದನೆಯದು: ಗಾಳಿ

ಬಾವಿ ಕೆಸರು ತೆಗೆಯುವವರು, ಸುರಂಗ ಕೊರೆಯುವವರು ಮೊದಲು ದೀಪ ಹಿಡಿದು ನೋಡುತ್ತಾರೆ. ಆರಿದರೆ ಒಳಗೆ ಗಾಳಿ ಇಲ್ಲ. ಸೊಪ್ಪಿನ ಕಟ್ಟನ್ನು ಹಗ್ಗಕ್ಕೆ ಕಟ್ಟಿ ಹತ್ತಾರು ಸಲ ಇಳಿಸಿ ಎತ್ತಿ ಗಾಳಿ ಕದಡುತ್ತಾರೆ. ಅದು ಹಿರಿಯರ ಬುದ್ಧಿ, ಒಳ್ಳೆಯದೇ. ಆದರೆ ಅದಕ್ಕೆ ಎರಡು ಮಿತಿ ಇದೆ. ಸಾಮಾನ್ಯ ಗಾಳಿಯಲ್ಲಿ ಆಮ್ಲಜನಕ ನೂರಕ್ಕೆ 21. ಮೇಣದ ಬತ್ತಿ ಆರುವುದು ಸುಮಾರು 16ಕ್ಕೆ, ಅಷ್ಟು ಹೊತ್ತಿಗೆ ಮನುಷ್ಯನ ಬುದ್ಧಿ ಆಗಲೇ ಮಂಕಾಗಿರುತ್ತದೆ. ಎರಡನೆಯ ಮಿತಿ ಕಾರ್ಬನ್ ಮೊನಾಕ್ಸೈಡ್. ಅದು ಇದ್ದರೂ ದೀಪ ಉರಿಯುತ್ತಲೇ ಇರುತ್ತದೆ.

ಪೆಟ್ರೋಲು, ಸೀಮೆಎಣ್ಣೆ, ಡೀಸೆಲ್ ಪಂಪನ್ನು ಬಾವಿಯೊಳಗೋ ಸುರಂಗದೊಳಗೋ ಇಳಿಸಿ ಓಡಿಸಿದರೆ ಬರುವುದು ಇದೇ ಅನಿಲ. ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಆಮ್ಲಜನಕದ ಜಾಗವನ್ನು ಅದು ಕಬಳಿಸುತ್ತದೆ. ಬದುಕಿ ಬಂದವರಲ್ಲಿ ಕೆಲವರಿಗೆ, ಎಲ್ಲ ಸರಿಯಾಯಿತು ಎಂದು ಮನೆಗೆ ಬಂದ ಮೇಲೆ, ಎರಡರಿಂದ ಆರು ವಾರಗಳಲ್ಲಿ ನಡಿಗೆ ಕುಂಟಾಗಿ, ಮುಖ ಮರಗಟ್ಟಿ, ಮರೆವು ಹಿಡಿಯುತ್ತದೆ. ಅದು ಪಾರ್ಕಿನ್ಸನ್ ಹೋಲುವ ಸ್ಥಿತಿ. ಮಿದುಳಿನ ಆಳದ ಭಾಗಗಳು ಆಮ್ಲಜನಕದ ಕೊರತೆಗೆ ಎಷ್ಟು ಬೇಗ ಬಲಿಯಾಗುತ್ತವೆ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಡ.

ಆದ್ದರಿಂದ ಎಂಜಿನ್ ಯಾವತ್ತೂ ಮೇಲೆಯೇ ಇರಲಿ, ಹೊಗೆ ಬಾವಿಯ ಕಡೆ ಬೀಸದ ಹಾಗೆ. ಇಳಿಯುವವರ ಸೊಂಟಕ್ಕೆ ಹಗ್ಗ, ಮೇಲೆ ಇಬ್ಬರು. ಒಳಗೆ ಯಾರಾದರೂ ಬಿದ್ದರೆ ಹಿಂದೆಯೇ ಇಳಿಯಬೇಡಿ. ಅಣ್ಣನನ್ನು ಎತ್ತಲು ಹೋದ ತಮ್ಮನೂ ಹೋಗುವುದು ಹೀಗೆಯೇ. ಅಗ್ನಿಶಾಮಕ ದಳಕ್ಕೂ 108ಕ್ಕೂ ಕರೆ ಮಾಡಿ. ಮೇಲೆ ಬಂದವರ ಬೆರಳಿಗೆ ಆಕ್ಸಿಮೀಟರ್ ಹಾಕಿ 98 ತೋರಿಸಿದರೆ ಸಮಾಧಾನಪಡಬೇಡಿ, ಆ ಯಂತ್ರಕ್ಕೆ ಆಮ್ಲಜನಕಕ್ಕೂ ಈ ವಿಷಗಾಳಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಆಸ್ಪತ್ರೆಯ ಆಮ್ಲಜನಕವೇ ಬೇಕು. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಜಗಲಿಯಲ್ಲಿ ಜನರೇಟರ್ ಓಡಿಸುವುದು, ಮುಚ್ಚಿದ ಕೋಣೆಯಲ್ಲಿ ಕೆಂಡದ ಒಗ್ಗಿಷ್ಟಿಗೆ ಇಡುವುದು, ಎರಡೂ ಅದೇ ಅಪಾಯ.

ಇಲ್ಲಿ ಒಂದು ಎಚ್ಚರಿಕೆ. ಕಡಿಮೆ ಆಮ್ಲಜನಕದಿಂದ ಪಾರ್ಕಿನ್ಸನ್ ಗುಣವಾಗುತ್ತದೆ ಎಂಬ ಸುದ್ದಿ ನಿಮ್ಮ ವಾಟ್ಸಾಪಿಗೂ ಬಂದಿರಬಹುದು. ಅದರ ಮೂಲ 2025ರಲ್ಲಿ ಅಮೆರಿಕದಿಂದ ಪ್ರಕಟವಾದ ಇಲಿಗಳ ಪ್ರಯೋಗ. ಕೆಟ್ಟ ಸಿನ್ಯೂಕ್ಲಿನ್ ಚುಚ್ಚಿದ ಇಲಿಗಳನ್ನು ನೂರಕ್ಕೆ 11 ಆಮ್ಲಜನಕದ ಗಾಳಿಯಲ್ಲಿ ಇಟ್ಟಾಗ ಅವುಗಳ ನರಕೋಶ ಉಳಿದವು. ಒಲೆ ಕೆಟ್ಟ ಮೇಲೆ ಬಳಕೆಯಾಗದ ಆಮ್ಲಜನಕ ಮಿದುಳಿನಲ್ಲಿ ಹೆಚ್ಚಾಗಿ ಅದೇ ಸುಡುತ್ತದೆ ಎಂಬುದು ಅವರ ವಿವರಣೆ. ಆಳವಾದ ವಿಚಾರವೇ. ಆದರೆ ಅದು ಅಳತೆಯಿಟ್ಟ ಪಂಜರದೊಳಗಿನ ಇಲಿ. ಉಸಿರು ಬಿಗಿಹಿಡಿಯುವುದು, ಮುಸುಕು ಹೊದ್ದು ಮಲಗಿಸುವುದು ಚಿಕಿತ್ಸೆಯಲ್ಲ.

ಆರನೆಯದು: ರಾತ್ರಿಯ ಕಾವಲು

ನಿದ್ದೆಯಲ್ಲಿ ಎರಡು ಸಂಗತಿ ಗಮನಿಸಿ. ಜೋರು ಗೊರಕೆ, ನಡುವೆ ಹತ್ತಿಪ್ಪತ್ತು ಸೆಕೆಂಡು ಉಸಿರೇ ಇಲ್ಲ, ಮತ್ತೆ ಬೆಚ್ಚಿ ಎಳೆದ ಉಸಿರು. ಇದು ಸ್ಲೀಪ್ ಅಪ್ನಿಯ. ರಾತ್ರಿಯಿಡೀ ಆಮ್ಲಜನಕ ಇಳಿದು ಏರುತ್ತದೆ. ಇದಿದ್ದವರಲ್ಲಿ ಪಾರ್ಕಿನ್ಸನ್ ಹೆಚ್ಚು ಕಂಡಿದೆ. ಅಮೆರಿಕದ ಮಾಜಿ ಸೈನಿಕರ ದಾಖಲೆಗಳನ್ನು ನೋಡಿದಾಗ, ನಿದ್ದೆಯಲ್ಲಿ ಮೂಗಿಗೆ ಗಾಳಿ ಒತ್ತಿ ಕೊಡುವ ಸಿಪ್ಯಾಪ್ ಯಂತ್ರವನ್ನು ಬೇಗನೆ ಹಾಕಿಕೊಂಡವರಲ್ಲಿ ಆ ಅಪಾಯ ಕಡಿಮೆ ಇತ್ತು. ಫೋನಿನಲ್ಲಿ ಹತ್ತು ನಿಮಿಷ ಧ್ವನಿಮುದ್ರಣ ಮಾಡಿಕೊಂಡು ವೈದ್ಯರಿಗೆ ಕೇಳಿಸಿ.

ಇನ್ನೊಂದು, ಕನಸಿನಲ್ಲಿ ಬೊಬ್ಬೆ ಹಾಕುವುದು, ಒದೆಯುವುದು, ಹೊಡೆಯುವುದು. ಅಮ್ಮ ಅಪ್ಪನ ಪಕ್ಕದಿಂದ ಚಾಪೆ ಬೇರೆ ಹಾಕಿಕೊಂಡದ್ದು ಕೈ ನಡುಗುವುದಕ್ಕಿಂತ ಆರೇಳು ವರ್ಷ ಮೊದಲು, ನಾವು ಅದನ್ನು ದುಃಸ್ವಪ್ನ ಎಂದು ನೂಲು ಕಟ್ಟಿಸಿದೆವು. ತಪಾಸಣೆಯಲ್ಲಿ ಖಚಿತವಾದ ಈ ನಿದ್ದೆಯ ತೊಂದರೆ ಇದ್ದವರಲ್ಲಿ ನಾಲ್ಕರಲ್ಲಿ ಸುಮಾರು ಮೂವರಿಗೆ ಹನ್ನೆರಡು ವರ್ಷಗಳೊಳಗೆ ಪಾರ್ಕಿನ್ಸನ್ ಅಥವಾ ಅದರ ಬಂಧುವಾದ ಕಾಯಿಲೆ ಬಂದದ್ದು 2019ರ ಅಂತರರಾಷ್ಟ್ರೀಯ ಅಧ್ಯಯನದಲ್ಲಿ ಕಂಡಿದೆ.

ಏಳನೆಯದು: ವೈದ್ಯರ ಬಳಿ

ವಾಸನೆ ತಿಳಿಯದಿರುವುದು (ಒಗ್ಗರಣೆ ಸೀದರೂ ಗೊತ್ತಾಗದು), ವರ್ಷಗಟ್ಟಲೆ ಮಲಬದ್ಧತೆ, ನಡೆಯುವಾಗ ಒಂದು ಕೈ ಬೀಸದಿರುವುದು, ಧ್ವನಿ ಇಳಿಯುವುದು, ಬರಹ ಸಣ್ಣದಾಗುವುದು. ಇವುಗಳಲ್ಲಿ ಎರಡು ಮೂರು ಒಟ್ಟಿಗೆ ಇದ್ದರೆ ನಡುಕಕ್ಕೆ ಕಾಯದೆ ನರರೋಗ ತಜ್ಞರನ್ನು ನೋಡಿ. ಹೆಚ್ಚಿನವರು ತಲಪಾಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ಐದು ವರ್ಷದ ಹಿಂದಿನ ಕೈಬರಹ ಮತ್ತು ಈಗಿನದ್ದು, ನಡೆಯುವ ವೀಡಿಯೊ, ಮೊದಲ ಹೆಜ್ಜೆಯ ನೋಟುಪುಸ್ತಕ ಜೊತೆಗಿರಲಿ. ಪಾರ್ಕಿನ್ಸನ್ ಎಂದು ಹೇಳುವುದು ಮುಖ್ಯವಾಗಿ ವೈದ್ಯರ ಕಣ್ಣು ಮತ್ತು ಕೈ. ಎಂಆರ್‌ಐ ಬೇರೆ ಕಾಯಿಲೆ ಅಲ್ಲವೆಂದು ನೋಡಿಕೊಳ್ಳಲಿಕ್ಕೆ.

ತಿನ್ನುವ ಎಲ್ಲ ಮಾತ್ರೆಗಳ ಪಟ್ಟಿಯನ್ನೂ ಕೊಂಡುಹೋಗಿ. ತಲೆತಿರುಗುವುದಕ್ಕೆ ಕೊಡುವ ಸಿನ್ನಾರಿಜಿನ್, ಫ್ಲುನಾರಿಜಿನ್, ಪ್ರೊಕ್ಲೋರ್‌ಪೆರಜಿನ್, ವಾಂತಿಗೆ ಮೆಟೊಕ್ಲೋಪ್ರಮೈಡ್, ಗ್ಯಾಸಿನ ಮಾತ್ರೆಯ ಜೊತೆ ಬರುವ ಲೆವೊಸಲ್ಪಿರೈಡ್ ತಿಂಗಳುಗಟ್ಟಲೆ ತಿಂದರೆ ಹಿರಿಯರಲ್ಲಿ ಪಾರ್ಕಿನ್ಸನ್‌ನಂಥದ್ದೇ ಲಕ್ಷಣ ಬರುತ್ತದೆ. ವೈದ್ಯರು ಅದನ್ನು ನಿಲ್ಲಿಸಿದರೆ ಹಲವರಲ್ಲಿ ಇಳಿಯುತ್ತದೆ. ಎಷ್ಟೋ ಮನೆಗಳಲ್ಲಿ ಇದೊಂದೇ ಉತ್ತರವಾಗಿರಬಹುದು, ದಯವಿಟ್ಟು ಪರೀಕ್ಷಿಸಿ.

ಮಿದುಳಿನಲ್ಲಿ ಡೋಪಮಿನ್ ಆಗಿ ಬದಲಾಗುವ ಲೆವೊಡೋಪ ಮಾತ್ರೆ ಶುರುವಾದರೆ ಗಡಿಯಾರ ನೋಡಿ ಕೊಡಿ, ಊಟಕ್ಕೆ ಅರ್ಧ ಗಂಟೆ ಮೊದಲು. ಬೇಳೆ, ಮೊಟ್ಟೆ, ಮೀನು ಜೊತೆಗೇ ಹೋದರೆ ಹೀರಿಕೆ ಕಡಿಮೆ. ತಾವಾಗಿ ನಿಲ್ಲಿಸಬಾರದು. ನಸುಗುನ್ನಿ ಬೀಜದಲ್ಲಿ, ಮಲಯಾಳದ ನಾಯ್ಕುರಣದಲ್ಲಿ, ಲೆವೊಡೋಪ ನಿಜವಾಗಿಯೂ ಇದೆ. ಅದಕ್ಕೇ ಮಾತ್ರೆಯ ಜೊತೆ ಅದರ ಹುಡಿಯನ್ನೂ ಗುಟ್ಟಾಗಿ ಕೊಟ್ಟರೆ ಪ್ರಮಾಣ ಮೀರುತ್ತದೆ. ಕೊಡುವುದಾದರೆ ವೈದ್ಯರಿಗೆ ತಿಳಿಸಿ.

ನಡಿಗೆ ನಿಲ್ಲಿಸಬೇಡಿ. ಪಾರ್ಕಿನ್ಸನ್ ಇದ್ದವರ ಕಾಲು ಹೊಸ್ತಿಲಿನಲ್ಲಿ ನೆಲಕ್ಕೆ ಅಂಟಿದ ಹಾಗೆ ನಿಂತುಬಿಡುತ್ತದೆ. ಆಗ ಎಳೆಯಬಾರದು. ನೆಲದ ಮೇಲೆ ಅಡ್ಡ ಗೆರೆ, ಅಥವಾ ಕಿವಿಗೆ ಒಂದು ಲಯ ಸಿಕ್ಕಿದರೆ ಹೆಜ್ಜೆ ಏಳುತ್ತದೆ. ನಮ್ಮ ಜಗಲಿಯಿಂದ ಬಚ್ಚಲಿನವರೆಗೆ ಕೆಂಪು ನೆಲಕ್ಕೆ ಅಡಿಗೊಂದರಂತೆ ಬಿಳಿ ಟೇಪು ಅಂಟಿಸಿದ್ದೇವೆ, ಹದಿನೇಳು ಪಟ್ಟಿ. ಹೊಸ್ತಿಲು ಬಂದಾಗ ಅಮ್ಮ ಬಾಗಿಲಿಗೆ ಬೆರಳಲ್ಲಿ ಆದಿತಾಳ ತಟ್ಟುತ್ತಾಳೆ. ಅಪ್ಪ ಒಂದು ಕ್ಷಣ ನಿಂತು ಕೇಳಿಸಿಕೊಂಡು, ಬಲಗಾಲು ಎತ್ತಿ ಆಚೆ ಇಡುತ್ತಾರೆ.